ಜೋಜಮ್ಮನ ಒಲೆಯ ಸಂತ

೧೯೩೮ರಲ್ಲಿ ಕೊಪ್ಪಳದ ರೈಲ್ವೆ ಕ್ವಾರ್ಟರ್ಸಿನ ಕ್ರೈಸ್ತ ಮಕ್ಕಳಿಗೆ, ನಂಬಿಕೆಯನ್ನು ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರ ಕೊಡಲು ಬಿಷಪ್ಪರು ಬರುವುದು ಗೊತ್ತಾಯಿತು. ಧರ್ಮಪಾಠ ಹೇಳುವ ಉಪದೇಶಿ ರಾಯಪ್ಪನವರು ಸಂತರ ಚಿತ್ರಗಳನ್ನು ಚಾಪೆಯ ಮೇಲೆ ಹರಡಿದರು.

“ಒಬ್ಬೊಬ್ಬರು ಒಬ್ಬ ಸಂತನ್ನ ಆರಿಸ್ಕೊಳ್ರಿ. ದಿನಾ ಮಾತಾಡಿಸ್ರಿ. ಬಿಷಪ್ಪರು ನಿಮಗ ಅದ ಹೆಸರು ಇಡ್ತಾರ.”

ಗ್ಯಾಂಗ್‌ಮನ್ ಚಿನ್ನಪ್ಪನ ಮಗಳು ಜೋಜಮ್ಮ ಲಾರೆನ್ಸನ ಚಿತ್ರ ಎತ್ತಿಕೊಂಡಳು. ತನ್ನನ್ನು ಕಬ್ಬಿಣದ ಜಾಳಿಗೆಯ ಮೇಲೆ ಮಲಗಿಸಿ ಸುಡುತ್ತಿದ್ದವರಿಗೆ, “ಈ ಮಗ್ಗಲ ಬೆಂತು, ಹೊಳ್ಳಿಸಿ ಹಾಕ್ರಿ” ಎಂದು, ಮಗುಚಿ ಹಾಕಲು ಹೇಳಿ ಚೇಷ್ಟೆ ಮಾಡಿದ ಸಂತ. ಆ ಕತೆ ಹೇಳಿದವರೂ ರಾಯಪ್ಪನವರೇ.

“ಅಂವ ಗಂಡಸು. ಲೂಸಿ ಅದಾಳ, ಆಗ್ನೇಸ ಅದಾಳ, ತಗೋ.”

“ಅವ್ರ್ಯಾರೂ ಬೆಂಕಿ ಮ್ಯಾಲೆ ಕುಂತು ನಗಿಸಿಲ್ಲಲ್ರಿ.”

“ನಿನಗ ಲೂಸಿ. ಮುಗೀತು.”

ಜೋಜಮ್ಮ ಚಿತ್ರವನ್ನು ಮಾತ್ರ ಹಿಂದಿರುಗಿಸಲಿಲ್ಲ. ಅದನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿದಳು. ಜೋಳದ ರೊಟ್ಟಿಯ ಮೇಲೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಹೊಳ್ಳಿಸಬೇಕು, ತಡವಾದರೆ ಬಿರಿಯುತ್ತದೆ. ಹಾಗೆ ಕಾಯುವಾಗಲೆಲ್ಲ ಲಾರೆನ್ಸನ ಜೊತೆ ಮಾತು. “ಬೆಂತೇನೋ ಯಪ್ಪಾ? ಹೊಳ್ಳಿಸಲೇನು?” ನಗು ಬಂದಷ್ಟೂ ರೊಟ್ಟಿ ಚೆನ್ನಾಗಿ ಉಬ್ಬುತ್ತದೆಂದು ಅವಳ ನಂಬಿಕೆ. ಲೂಸಿಯ ಜೊತೆ ಏನು ಮಾತಾಡಬೇಕೆಂದೇ ಅವಳಿಗೆ ತೋಚಲಿಲ್ಲ.

ದೃಢೀಕರಣದ ಬೆಳಿಗ್ಗೆ ರಾಯಪ್ಪನವರು ಎಚ್ಚರಿಸಿದರು: “ಹಣಿಗೆ ಎಣ್ಣಿ ಹಚ್ಚಿದ ಮ್ಯಾಲೆ ಬಿಷಪ್ಪರು ಕೆನ್ನಿಗೆ ಒಂದು ಸಣ್ಣ ಏಟು ಹಾಕ್ತಾರ. ಧೈರ್ಯ ಬರಲಿ ಅಂತ. ಯಾರೂ ತುಟಿ ಬಿಚ್ಚಬಾರದು. ಜೋಜಿ, ನಿನಗ ಹೇಳ್ತಿರೋದು.”

ಸಾಲು ಮುಂದೆ ಸರಿಯಿತು. ಬಿಷಪ್ಪರು ವಿದೇಶದವರು, ಕನ್ನಡ ಅಷ್ಟಕ್ಕಷ್ಟೇ ಎಂದುಕೊಂಡು ರಾಯಪ್ಪನವರು ಮಕ್ಕಳ ಹೆಸರು, ಮಾತು ತಿಳಿಸಿಕೊಡಲು ಪಕ್ಕದಲ್ಲೇ ನಿಂತಿದ್ದರು. ಜೋಜಮ್ಮನ ಹಣೆಗೆ ಎಣ್ಣೆ ಬಿತ್ತು. “ಲೂಸಿ” ಎಂದರು ಬಿಷಪ್ಪರು. ಅವಳ ಕಣ್ಣಲ್ಲಿ ನೀರಾಡಿತು. ಎಡಗೆನ್ನೆಗೆ ಏಟು ಬಿತ್ತು, ಹಿಟ್ಟು ತಟ್ಟಿದಷ್ಟು ಹಗುರಾಗಿ.

ಅವಳು ಬಲಗೆನ್ನೆ ತಿರುಗಿಸಿದಳು.

“ಈ ಮಗ್ಗಲ ಬೆಂತ್ರಿ ಸ್ವಾಮ್ಯಾರ. ಹೊಳ್ಳಿಸಿ ಹಾಕ್ರಿ.”

ಹಿಂದಿನ ಹುಡುಗರು ಕಿಸಕ್ಕೆಂದರು. ಬಿಷಪ್ಪರು ರಾಯಪ್ಪನವರತ್ತ ನೋಡಿದರು.

“ಭಾಳ ಉಪಕಾರ ಆತು ಅಂತಾಳ್ರಿ,” ಎಂದರು ರಾಯಪ್ಪನವರು.

“ಉಪಕಾರದಾಗ ಹೊಳ್ಳಿಸೋದು ಎಲ್ಲಿಂದ ಬಂತು, ಉಪದೇಶಿ?” ಬಿಷಪ್ಪರ ಕನ್ನಡ ನಿಧಾನ, ಆದರೆ ತಪ್ಪಿಲ್ಲ. “ಇದು ಲಾರೆನ್ಸನ ಮಾತು. ಲೂಸಿ ಅಂತ ಯಾಕ ಹೇಳಿದಿ?”

“ಹೆಣ್ಣಹುಡುಗಿ ಅಂತ್ರಿ…”

“ಸುಟ್ಟರ ಉರಿಯೋದು ಗಂಡಸರಿಗಷ್ಟ ಏನು?”

ರಾಯಪ್ಪನವರ ಕಿವಿ ಕೆಂಡವಾಯಿತು. ಬಿಷಪ್ಪರು ಬಗ್ಗಿ, ಜೋಜಮ್ಮನ ಬಲಗೆನ್ನೆಗೂ ಅಷ್ಟೇ ಹಗುರಾಗಿ ತಟ್ಟಿದರು.

“ಈಗ ಎರಡೂ ಮಗ್ಗಲ ಬೆಂತು. ಹೋಗವ್ವಾ, ಲಾರೆನ್ಸಮ್ಮ.”

ಅವಳು ಬೀಗುತ್ತ ಹೋಗಿ ಕುಳಿತಳು. ಆಮೇಲೆ ಬಂದ ಮಕ್ಕಳೆಲ್ಲ, ತಮ್ಮ ಸಂತ ಯಾರೇ ಆಗಿರಲಿ, ಎರಡೂ ಕೆನ್ನೆ ಒಡ್ಡಿ ನಿಂತರು. ಪೂಜೆ ಮುಗಿಯುವಷ್ಟರಲ್ಲಿ ಬಿಷಪ್ಪರ ಕೈ ಸೋತಿತ್ತು.