ಅಯ್ಯಮ್ಮನ ಮುಯ್ಯಿ

ಮಸ್ಕಿ ಹಳ್ಳದ ದಂಡೆಯ ಆ ಊರಲ್ಲಿ ನಿಜಾಮನ ಕಾಲಕ್ಕೆ ಹೊಲದ ಕಳೆಕಸ ತೆಗೆಯಲು ಕೂಲಿಯವರನ್ನು ಯಾರೂ ಕರೆಯುತ್ತಿರಲಿಲ್ಲ. ಮುಯ್ಯಿ ಇತ್ತು. ಇವತ್ತು ನಮ್ಮ ಮನೆಯವರು ನಿಮ್ಮ ಹೊಲಕ್ಕೆ, ನಾಳೆ ನಿಮ್ಮ ಮನೆಯವರು ನಮ್ಮ ಹೊಲಕ್ಕೆ. ಹೊಡೆದವನಿಗೆ ತಿರುಗಿ ಹೊಡೆಯುವುದಕ್ಕೂ ಮುಯ್ಯಿ ಎಂದೇ ಹೆಸರು. ಅಮರಗುಂಡಪ್ಪ ಮೊದಲನೆಯದನ್ನು ತೀರಿಸಿದ್ದರೆ ಎರಡನೆಯದು ಅವನ ಮೈಮೇಲೆ ಬರುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮೆಕ್ಕೆಜೋಳ ಮೊಣಕಾಲಿಗೆ ಬರುವಷ್ಟರಲ್ಲಿ ಕರಿಕೆ, ಜೇಕು ಅದರ ಕೊರಳು ಹಿಡಿದಿದ್ದವು. ಹಸಿಯಲ್ಲಿ ಕಿತ್ತರೆ ಕಸ ಸಾಯುವುದಿಲ್ಲ, ಬಿದ್ದಲ್ಲೇ ಬೇರು ಬಿಡುತ್ತದೆ. ಕಿತ್ತದ್ದು ಸುಟ್ಟುಹೋಗಲು ಬಿಸಿಲು ಬೇಕು. ಅಂಥ ಬಿಸಿಲು ಕೊನೆಗೊಮ್ಮೆ ಬಿತ್ತು.

ಅಯ್ಯಮ್ಮ, ಅವಳ ಗಂಡ ಯಂಕೋಬ, ಅದೇ ಓಣಿಯಲ್ಲಿದ್ದ ಅವನ ಅಣ್ಣತಮ್ಮಂದಿರ ಹೆಂಡಿರು, ಅಂದರೆ ಅವಳ ನೆಗೆಣ್ಣಿಯರು ಸೇರಿ ಮೊದಲು ಅಮರಗುಂಡಪ್ಪನ ಹೊಲಕ್ಕೆ ಇಳಿದರು. ಅವನದು ಮೇಲಿನ ಹೊಲ, ಬೇಗ ಆರುತ್ತದೆ, ಅದಕ್ಕೇ ಮೊದಲು. ಜೇಕಿನ ಗಡ್ಡೆಗಳನ್ನೂ ಬಿಡದೆ ಕುರ್ಪಿಯಿಂದ ಅಗೆದು ಹಸನು ಮಾಡಿಕೊಟ್ಟರು. ಮರುದಿನ ಅಯ್ಯಮ್ಮ ಕೆಳಗಿನ ತನ್ನ ಹೊಲದ ಬದುವಿನ ಮೇಲೆ ಬುತ್ತಿ ಇಟ್ಟುಕೊಂಡು ಕಾದಳು. ಯಾರೂ ಬರಲಿಲ್ಲ. ಅಮರಗುಂಡಪ್ಪ ಮನೆಯವರನ್ನೆಲ್ಲ ತನ್ನದೇ ಹತ್ತಿ ಹೊಲಕ್ಕೆ ಇಳಿಸಿದ್ದ. ಅಯ್ಯಮ್ಮ ಅಲ್ಲಿಗೇ ಹೋದಳು.

“ಅಣ್ಣಾ, ನಮ್ಮ ಮುಯ್ಯಿ?”

“ಕೊಡ್ತೀನಿ ಬಿಡಬೇ. ನಿನ್ನ ಹೊಲೇನು ಹಟ್ಟಿ ಗಣಿಗೆ ಓಡಿ ಹೊಕ್ಕೈತೇನು?”

“ಹೊಲ ಓಡಂಗಿಲ್ಲ. ಬಿಸಲು ಓಡ್ತೈತಿ.”

“ಹಂಗಾರ ಬಿಸಲಿಗೆ ಹಗ್ಗ ಕಟ್ಟು.”

ಸಾಲಿನಲ್ಲಿದ್ದವರು ನಕ್ಕರು. ಅವನ ಹೆಂಡತಿ ಕಸ್ತೂರೆಮ್ಮ ನಗಲಿಲ್ಲ. “ಒಂದಿನ ಹೋಗಿಬರೋಣ್ರೀ,” ಅಂದಳು.

“ನೀ ಸುಮ್ನ ಕೈ ನಡಸಲೇ.”

ಅಯ್ಯಮ್ಮ ಇನ್ನೊಮ್ಮೆ ಕೇಳಿದಳು. “ಹಿಂಗಾರಿ ಜ್ವಾಳ ಮನಿಗೆ ಬರೂತನ ನಮ್ಮ ಹುಡುಗರ ಹೊಟ್ಟಿಗೆ ಅದ ಮೆಕ್ಕಿತೆನಿ ಅಣ್ಣ. ಬ್ಯಾರೆ ಏನೂ ಇಲ್ಲ.”

“ಕಸಾನೂ ಹಸರ ಇರತೈತಿ. ಅದನ್ನ ತಿನ್ನಸು.”

ಆ ಬಿಸಿಲು ಹೋಯಿತು. ಗಂಡಹೆಂಡಿರು ಇಬ್ಬರೇ ಮಳೆಯಲ್ಲಿ ಕಿತ್ತರು. ಕಿತ್ತದ್ದೆಲ್ಲ ಹಿಂದಿನಿಂದ ಮತ್ತೆ ಎದ್ದು ನಿಂತಿತು. ಅವರ ಮೆಕ್ಕೆಜೋಳ ಕೋಳಿಪುಕ್ಕದಂತೆ ಸಣ್ಣಗಾಗಿ ಹಳದಿ ತಿರುಗಿತು. ಮತ್ತೆ ಬಿಸಿಲು ಬೀಳುವಷ್ಟರಲ್ಲಿ ಅಲ್ಲಿ ಉಳಿಸುವಂಥದ್ದು ಏನೂ ಇರಲಿಲ್ಲ. ಮೇಲಿನ ಹೊಲದಲ್ಲಿ ಅವಳು ಹಸನು ಮಾಡಿದ ಬೆಳೆ ಸೊಂಟಕ್ಕೆ ಬಂದು ಕಪ್ಪಗೆ ಹೊಳೆಯುತ್ತಿತ್ತು.

ಅಯ್ಯಮ್ಮ ನೆಗೆಣ್ಣಿಯರನ್ನು ಕರೆದಳು. “ಕುರ್ಪಿ ತಗೊಂಡು ಬರ್ರಿ. ಮುಯ್ಯಿ ಐತಿ.”

“ಯಾರ ಹೊಲಕ್ಕ?”

“ಅಮರಗುಂಡಪ್ಪನ ಹೊಲಕ್ಕ.”

ಯಂಕೋಬ ಬಾಗಿಲಿಗೆ ಅಡ್ಡ ನಿಂತ. “ಕೊಲ್ತಾನ ಅಂವ.”

“ಈಗೇನು ಬದುಕಾಕತ್ತೀವೇನು? ಬರೋದಿದ್ರ ಬಾ.”

ಅವನೂ ಹೋದ. ಕೆಳಗಿನ ಬದುವಿನಿಂದ ಸಾಲು ಹಿಡಿದರು. “ಕಸ ಮುಟ್ಟಬ್ಯಾಡ್ರಿ,” ಎಂದಳು ಅಯ್ಯಮ್ಮ, “ಬೆಳಿ ಕೀಳ್ರಿ.”

ಬುಡಕ್ಕೆ ಕುರ್ಪಿ ಹಾಕಿ, ಬೇರುಮಣ್ಣು ಸಮೇತ ಎಬ್ಬಿಸಿ, ಮಗ್ಗುಲಿಗೆ ಮಲಗಿಸಿ ಮುಂದೆ ನಡೆದರು. ಹೊಸದಾಗಿ ಹುಟ್ಟಿದ ಒಂದೊಂದು ಕರಿಕೆಯನ್ನೂ ಜೋಪಾನವಾಗಿ ಬಿಟ್ಟರು. ಕಸ ತೆಗೆಯುವಾಗಿನಂತೆ ಹಾಡಲಿಲ್ಲ.

ಅಮರಗುಂಡಪ್ಪ ಮೇಲಿನ ದಾರಿಯಿಂದ ಬಂದ. ನಿಂತಿದ್ದ ಬೆಳೆಯ ಆಚೆ ಬಗ್ಗಿದ ಬೆನ್ನುಗಳಷ್ಟೇ ಅವನಿಗೆ ಕಂಡವು. ಹಿಂದೆ ಬರುತ್ತಿದ್ದ ಹೆಂಡತಿಗೆ, “ನೋಡಲೇ ಕಸ್ತೂರಿ, ನಾ ಮುಯ್ಯಿ ಕೊಡದಿದ್ರೂ ಅಯ್ಯಮ್ಮ ಎರಡನೇ ಸಲ ಕಸ ತೆಗಿಯಾಕ ಬಂದಾಳ. ಅಂಜ್ಯಾಳ. ಹೋಗಿ ಅಂಬಲಿ ಕಾಸು,” ಅಂದ. ಹೆಗಲ ಕೊಡಲಿಯನ್ನು ಕುಣಿಸುತ್ತ ಸಾಲುಗಳ ನಡುವೆ ಬಂದ.

“ಏನವಾ, ಬುದ್ಧಿ ಬಂತೇನು?”

“ಬಂತಣ್ಣ. ನೋಡು ಬಾ. ಒಂದು ಕಸ ತುಳದಿಲ್ಲ.”

ಅವನು ನೋಡಿದ. ಹೊಲದ ಅರ್ಧ ನೆಲಕ್ಕೆ ಬಿದ್ದಿತ್ತು.

ಕೊಡಲಿ ಮೊದಲು ಯಂಕೋಬನಿಗೆ ಬಿತ್ತು. ಕೊರಳಿನ ಕೆಳಗಿನ ಎಲುಬು ಒಣಗಿದ ತೊಗರಿ ಕಟ್ಟಿಗೆಯಂತೆ ಮುರಿಯಿತು. ಎರಡನೆಯ ಏಟಿಗೆ ಅಯ್ಯಮ್ಮ ಎಡಗೈ ಅಡ್ಡ ಹಿಡಿದಳು. ಎರಡು ಬೆರಳು ಸಾಲಿನೊಳಗೆ ಬಿದ್ದವು. ಅವಳು ಹಿಂದೆ ಸರಿಯಲಿಲ್ಲ, ಕುಕ್ಕರುಗಾಲಲ್ಲೇ ಮುಂದೆ ಸರಿದಳು. ಅವನ ಮೊಣಕಾಲಿನ ಹಿಂದೆ ಕುರ್ಪಿ ನೆಟ್ಟು, ಜೇಕಿನ ಗಡ್ಡೆ ಎಬ್ಬಿಸುವಂತೆ ತಿರುವಿ ಜಗ್ಗಿದಳು. ನರ ಹರಿದ ಸಪ್ಪಳ ಪಕ್ಕದಲ್ಲಿದ್ದವರಿಗೆಲ್ಲ ಕೇಳಿತು. ಅವನು ಕೂಗುತ್ತ ಬಿದ್ದ. ನೆಗೆಣ್ಣಿಯರು ಕಿತ್ತ ಗಿಡಗಳನ್ನೇ ಎತ್ತಿಕೊಂಡು, ಬೇರಿನ ಮಣ್ಣುಹೆಂಟೆಗಳಿಂದ ಅವನ ಬಾಯಿ, ಮೂಗು, ಕಿವಿ ಎನ್ನದೆ ಬಡಿದರು. ಕಸ್ತೂರೆಮ್ಮ ಕೂಗು ಕೇಳಿ ದಾರಿಯಿಂದ ಓಡಿಬಂದು ಅವನ ಮೇಲೆ ಬೋರಲು ಬಿದ್ದಳು. ಅವಳಿಗೂ ಬಿದ್ದವು. ಅವಳ ಕಿವಿಯಿಂದ ರಕ್ತ ಇಳಿದ ಮೇಲೆ ನಿಲ್ಲಿಸಿದರು.

ಲಿಂಗಸುಗೂರಿನಿಂದ ಪೊಲೀಸ್ ಅಮೀನ ಬಂದು ಗಂಡಸರಿಬ್ಬರನ್ನೂ ಒಂದೇ ಬಂಡಿಯಲ್ಲಿ ಹಾಕಿಕೊಂಡು ಹೋದ. ಹೆಂಗಸರು ಹೊಡೆದರೆಂದು ಹೇಳಲು ಅಮರಗುಂಡಪ್ಪನಿಗೆ ಬಾಯಿ ಬರಲಿಲ್ಲ. ಯಂಕೋಬನೇ ಹೊಡೆದನೆಂದ. ಅಮರಗುಂಡಪ್ಪನ ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ಮಳೆ ಅವನ ಹೊಲದಲ್ಲಿ ನಿಂತಿದ್ದ ಅರ್ಧ ಬೆಳೆಯನ್ನೂ ಹತ್ತಿಯ ಕಾಯಿಗಳನ್ನೂ ಕೊಳೆಸಿತು.

ತೆನೆ ಸುಡುವ ತಿಂಗಳಲ್ಲಿ ಎರಡು ಮನೆಯ ಒಲೆಯ ಮೇಲೂ ಹೊಲದ ಕಸದಲ್ಲಿ ಹುಟ್ಟುವ ಹತ್ತರಕಿ ಪಲ್ಲೆಯೇ ಬೆಂದಿತು. ಒಂದು ಮುಂಜಾನೆ ಅಯ್ಯಮ್ಮ ಬದುವಿನ ಕೆಳಗೆ, ಕಸ್ತೂರೆಮ್ಮ ಬದುವಿನ ಮೇಲೆ ಅದನ್ನೇ ಹರಿಯುತ್ತಿದ್ದರು.

“ಹೋಗಿಬರೋಣು ಅಂದಿದ್ದೆ ನಾ,” ಎಂದಳು ಕಸ್ತೂರೆಮ್ಮ.

“ಅಂದಿದ್ದಿ. ಬರಲಿಲ್ಲ.”

ಅಯ್ಯಮ್ಮ ಬಲಗೈಯಲ್ಲಿ ಕಲ್ಲು ಎತ್ತಿ ಒಗೆದಳು. ಅದು ಕಸ್ತೂರೆಮ್ಮನ ಹಣೆಗೆ ಬಿತ್ತು. ಉಡಿಯ ಪಲ್ಲೆ ಕೆಸರಿಗೆ ಚೆಲ್ಲಿತು. ಕಸ್ತೂರೆಮ್ಮ ಕಣ್ಣಿಗಿಳಿದ ರಕ್ತ ಒರೆಸಿಕೊಂಡು ಮೊದಲು ಪಲ್ಲೆ ಆರಿಸಿಕೊಂಡಳು. ಆಮೇಲೆ ಕಲ್ಲು ಹುಡುಕಿದಳು.