ನಾಲೆ ಏರಿಯ ದಾರಿ

ಸ್ಕೆಚ್ ಪೆನ್ನು ಹಿಡಿದ ಮಂಚಮ್ಮನ ಕೈ ಊರ ನಡುವೆ ಬಂದು ನಿಂತಿತು. ಮುಂದೆ ಹಾಸಿದ್ದದ್ದು ಆಕಾಶದಿಂದ ತೆಗೆದ ಸಿಂಗನಹುಂಡಿಯ ಚಿತ್ರ. ಅಕ್ಷರ ಬಾರದ ಅಜ್ಜಿಗೆ ಇದೆಲ್ಲ ತಿಳಿದೀತೇ ಎಂದು ಮೊಮ್ಮಗಳು ಧನುಶ್ರೀಗೆ ಅನುಮಾನವಿತ್ತು. ಮಂಚಮ್ಮ ಒಂದೇ ನೋಟಕ್ಕೆ ತನ್ನ ಮನೆ ಗುರುತಿಸಿ, ಸೂರಿನ ಮೇಲಿನ ಕುಂಬಳದ ಬಳ್ಳಿ ಯಾಕೆ ಕಾಣುವುದಿಲ್ಲ ಎಂದು ತಕರಾರು ತೆಗೆದಿದ್ದಳು. ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯನ್ನು ಎಳೆಯಬೇಕಿತ್ತು, ಅಷ್ಟೆ. ಕೆಂಪು ಗೆರೆ ಕೇರಿ ದಾಟಿ, ಅರಳಿಕಟ್ಟೆಯ ತನಕ ನೆಟ್ಟಗೆ ಬಂದು, ದೊಡ್ಡ ಬೀದಿಯ ಬಾಯಲ್ಲಿ ಒಂದು ಗಳಿಗೆ ನಿಂತು, ಎಡಕ್ಕೆ ತಿರುಗಿತು. ಊರನ್ನೆಲ್ಲ ಬಳಸಿಕೊಂಡು ನಾಲೆ ಏರಿಯ ಮೇಲೆ ಸಾಗಿ, ತೂಬು ದಾಟಿ, ಹಿಂದಿನಿಂದ ಬಸ್ ಸ್ಟಾಪಿಗೆ ಬಂತು.

“ಇಲ್ಲಿ ಯಾಕಜ್ಜಿ ತಿರುಗ್ದೆ?”

“ಆ ಕಡೆ ನೆರಳದೆ ಕಣವ್ವ,” ಎಂದಳು ಮಂಚಮ್ಮ.

ಧನುಶ್ರೀ ನಕ್ಕು, ಕಾಗದದ ಕೊನೆಯಲ್ಲಿ ‘ಈ ದಾರಿ ಯಾಕೆ?’ ಎಂಬ ಪ್ರಶ್ನೆಯ ಎದುರು ‘ನೆರಳು’ ಎಂದು ಬರೆದುಕೊಂಡಳು. ಅವಳಿಗೂ ಅದೇ ದಾರಿ ಇಷ್ಟ.

ಅಪ್ಪ ಮಹದೇವಯ್ಯ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆದ್ದರಿಂದ ಅವಳು ಬೆಳೆದದ್ದು ಪೇಟೆಯಲ್ಲಿ. ಈಗ ದಿನಾ ರೈಲು ಹತ್ತಿ ಮೈಸೂರಿಗೆ ಹೋಗಿ, ವಿಶ್ವವಿದ್ಯಾಲಯದಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆ ಓದುತ್ತಿದ್ದಳು. ಅದೆಂಥ ಓದು ಎಂದು ನೆಂಟರಿಗೆ ಬಿಡಿಸಿ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಚಿಕ್ಕಪ್ಪನೊಬ್ಬ ತನ್ನ ಸೈಟಿಗೆ ಮನೆ ಪ್ಲಾನು ಹಾಕಿಕೊಡು ಎಂದು ಮೂರು ಸಲ ಕೇಳಿದ್ದ. ಈ ಸಲ ತರಗತಿಯಲ್ಲಿ ಕೊಟ್ಟ ಕೆಲಸವೇನೋ ಸುಲಭದ್ದೇ. ಒಂದು ಹಳ್ಳಿ ಆರಿಸಿಕೊಂಡು, ಜನ ನಿಜವಾಗಿ ಓಡಾಡುವ ದಾರಿಗಳನ್ನು ಅವರ ಕೈಯಲ್ಲೇ ಬರೆಸಿ, ಯಾವುದಕ್ಕೆ ದೀಪ ಬೇಕು, ಯಾವುದಕ್ಕೆ ಕಲ್ಲುಹಾಸು ಬೇಕು ಎಂದು ಹೇಳಬೇಕು. ನಂಜನಗೂಡಿನಿಂದ ನರಸೀಪುರದ ಕಡೆ ಹೋಗುವಾಗ, ಹದಿನಾರು ಎಂಬ ಊರಿನ ಆಚೆಗೆ ಸಿಗುವ ಅಜ್ಜಿಯ ಊರನ್ನೇ ಅವಳು ಆರಿಸಿಕೊಂಡಿದ್ದಳು.

ಚಿಕ್ಕಂದಿನಲ್ಲಿ ರಜೆಗೆ ಬಂದರೆ ಅಜ್ಜಿಯ ಕೈ ಹಿಡಿದು ಆ ಏರಿಯ ಮೇಲೆ ನಡೆಯುವುದೇ ಅವಳಿಗೆ ಹಬ್ಬ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತಲೆಯ ಮೇಲೆ ಹೊಂಗೆ. ಮಂಚಮ್ಮ ಮರಮರಕ್ಕೂ ಹೆಸರಿಟ್ಟಿದ್ದಳು. ನಾಲೆಯ ಕಡೆ ವಾಲಿದ್ದ ಹುಣಸೆಮರ ನಿದ್ದೆಗಣ್ಣಿನ ಮುದುಕ, ಅದರ ಕೆಳಗೆ ಗಟ್ಟಿಯಾಗಿ ಮಾತಾಡಬಾರದು. ತೂಬಿನಲ್ಲಿ ನೀರು ಗೊಣಗುವುದನ್ನು ಕಿವಿಗೊಟ್ಟು ಕೇಳಿ, ಅದು ಇವತ್ತು ಯಾರ ಮೇಲೆ ಚಾಡಿ ಹೇಳುತ್ತಿದೆ ಎಂದು ತಿಳಿಸುತ್ತಿದ್ದಳು. ಬೆಳ್ಳಕ್ಕಿಗಳು ಎದ್ದರೆ ಇಬ್ಬರೂ ಕೈಚಾಚಿ ಉಗುರಿಗೆ ಬಿಳಿ ಚುಕ್ಕಿಯ ಹೂವು ಬೇಡುತ್ತಿದ್ದರು. ಈ ಕೋರ್ಸಿಗೆ ಸೇರುವಾಗ ‘ಯಾಕೆ ಈ ಓದು’ ಎಂದು ಅರ್ಧ ಪುಟ ಬರೆಯಬೇಕಾಗಿ ಬಂದಾಗಲೂ ಅವಳು ಬರೆದದ್ದು ಆ ದಾರಿಯ ಬಗ್ಗೆಯೇ. ನಾನು ಕಂಡ ಚೆಂದದ ದಾರಿ ಇದು, ಎಲ್ಲ ಊರಿಗೂ ಇಂಥದೊಂದು ಇರಬೇಕು ಎಂದು ಬರೆದಿದ್ದಳು.

ಒಂದು ಸಲ ಮಾತ್ರ, ಐದು ವರ್ಷದವಳಿದ್ದಾಗ, ಸುತ್ತಿ ಸುತ್ತಿ ಕಾಲು ಸೋತು, ದೊಡ್ಡ ಬೀದಿಯಲ್ಲೇ ಹೋಗೋಣ ಎಂದು ಹಟ ಹಿಡಿದಿದ್ದಳು. ಆ ಬೀದಿಯಲ್ಲಿ ಕಚ್ಚುವ ನಾಯಿ ಇದೆ ಎಂದಿದ್ದಳು ಅಜ್ಜಿ. ಕರಿಯ ಬಣ್ಣ, ಒಂದು ಕಿವಿ ಹರಿದಿದೆ. ಅಷ್ಟು ಸಾಕಾಯಿತು. ಅಪ್ಪನ ಸ್ಕೂಟರಿನಲ್ಲಿ ಆ ಬೀದಿ ಹಾಯುವಾಗಲೆಲ್ಲ ಅವಳು ಕಾಲು ಮೇಲೆಳೆದುಕೊಂಡು ಕಣ್ಣು ಮುಚ್ಚುತ್ತಿದ್ದಳು. ನಡೆದು ಒಮ್ಮೆಯೂ ಹೋಗಿರಲಿಲ್ಲ.

ಶುಕ್ರವಾರ ತರಗತಿಯಲ್ಲಿ ನಂಜೇಶ್ ಸರ್ ಅವಳ ನಕ್ಷೆಯನ್ನು ಪರದೆಯ ಮೇಲೆ ಹಾಕಿಸಿದರು. ಕಂಪ್ಯೂಟರು ಎಳೆದ ನೀಲಿ ಗೆರೆ ಕೇರಿಯಿಂದ ದೊಡ್ಡ ಬೀದಿಯಲ್ಲಿ ಹಾದು, ನಾನೂರು ಮೀಟರಿಗೆ ಬಸ್ ಸ್ಟಾಪು ಮುಟ್ಟಿತ್ತು. ಕೇರಿಯ ಹುಡುಗರ ಗೆರೆಗಳೂ ಹಾಗೇ ಇದ್ದವು. ಅವರೆಲ್ಲ ಬೈಕಿನವರು. ಐವತ್ತು ದಾಟಿದ ಹದಿನೇಳು ಜನರ ಗೆರೆಗಳು ಮಾತ್ರ, ಒಂದೂ ತಪ್ಪದೆ, ಅರಳಿಕಟ್ಟೆಯಲ್ಲಿ ತಿರುಗಿ ನಾಲೆ ಏರಿ ಹಿಡಿದು ಒಂದೂಕಾಲು ಕಿಲೋಮೀಟರು ಸುತ್ತಿದ್ದವು. ಕಾರಣ ಕೇಳಿದರೆ ಹದಿನೇಳು ಜನವೂ ನೆರಳು ಎಂದಿದ್ದರು.

ನಂಜೇಶ್ ಸರ್ ಕೆಟ್ಟವರಲ್ಲ, ಲೆಕ್ಕ ಕೂಡಿ ಬರದಿದ್ದರೆ ಊಟ ಸೇರದ ಮನುಷ್ಯ. “ಮಂಡಿನೋವಿರೋ ಮುದುಕರು ನಾನೂರು ಮೀಟರ್ ಬಿಟ್ಟು ಒಂದೂಕಾಲು ಕಿಲೋಮೀಟರ್ ನಡೀತಾರಾ, ಧನುಶ್ರೀ? ಮನುಷ್ಯನೂ ನೀರಿನ ಥರ. ಹತ್ತಿರದ ದಾರೀನೇ ಹುಡುಕ್ತಾನೆ,” ಎಂದರು. ಊರಿಗೆ ಹೋಗದೆ ಮನೆಯಲ್ಲೇ ಕೂತು ಎಳೆದೆಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ. ಸೋಮವಾರಕ್ಕೆ ಸರಿಮಾಡಿಕೊಂಡು ಬಾ, ಇಲ್ಲದಿದ್ದರೆ ಈ ಕೆಲಸ ಒಪ್ಪಿಕೊಳ್ಳಲಾರೆ ಎಂದಷ್ಟೇ ಹೇಳಿದರು. ಇಡೀ ತರಗತಿಯ ಎದುರು ಅವಳಿಗೆ ತಲೆ ಎತ್ತಲಾಗಲಿಲ್ಲ. ಸುಳ್ಳು ಗೆರೆ ಎಳೆಯುವವಳು ಎಂದು ಒಮ್ಮೆ ಹೆಸರು ಬಂದರೆ ಓದು ಮುಗಿಯುವ ತನಕ ಅದು ಬಿಡುವುದಿಲ್ಲ.

ಸಂಜೆಯ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿದವಳಿಗೆ ತಾಂಡವಪುರ ಬರುವಷ್ಟರಲ್ಲಿ ಜೊಂಪು ಹತ್ತಿತು. ಅರೆಗಣ್ಣಿನಲ್ಲಿ ಕೆಂಪು ಗೆರೆಗಳು ಕಾಗದದಿಂದ ಇಳಿದು, ಗದ್ದೆಯ ಬದುವಿನ ಮೇಲೆ ಒಂದರ ಹಿಂದೊಂದು ನಡೆದು ಹೋಗುತ್ತಿದ್ದವು. ಎಲ್ಲದರ ತಲೆಯ ಮೇಲೂ ಒಂದೊಂದು ಹೊರೆ. ನೆಟ್ಟಗೆ ಬನ್ನಿ, ಹತ್ತಿರ ಇದೆ ಎಂದು ಅವಳು ಕೂಗುತ್ತಿದ್ದಳು. ಅವು ತಿರುಗಿ ನೋಡಿ, ನಕ್ಕು, ಹೊಂಗೆಯ ನೆರಳಿನಲ್ಲಿ ಮರೆಯಾಗುತ್ತಿದ್ದವು. ಎಚ್ಚರವಾದಾಗ ರೈಲು ಕಪಿಲೆಯ ಸೇತುವೆಯ ಮೇಲಿತ್ತು, ಕೆಳಗೆ ನೀರು ಕೆಂಪಗೆ ಹೊಳೆಯುತ್ತಿತ್ತು.

ಶನಿವಾರ ಊರಿಗೆ ಬಂದವಳು ದೊಡ್ಡ ಬೀದಿಯನ್ನು ನಡೆದೇ ಅಳೆಯಬೇಕೆಂದು ಹೊರಟಳು. ಬೀದಿಯ ಬಾಯಲ್ಲಿ ಕಾಲು ತಾನಾಗಿ ನಿಂತಿತು. ಇಪ್ಪತ್ತಮೂರು ವರ್ಷದ ಹುಡುಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೇಲಿಯಿಂದ ಒಂದು ಕೋಲು ಮುರಿದುಕೊಂಡಳು.

ಸಿಮೆಂಟಿನ ಅಗಲವಾದ ಬೀದಿ, ಎರಡು ಬದಿಗೂ ಜಗಲಿಗಳು. ಹಣೆಗೆ ವಿಭೂತಿಯಿಟ್ಟ ಒಬ್ಬ ಮುದುಕಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಚನ್ನಾಜಮ್ಮ ಅವಳ ಹೆಸರು. ಕೋಲು ಹಿಡಿದು ಬಂದ ಹುಡುಗಿಯನ್ನು ಕಂಡು, ಎಮ್ಮೆ ಏನಾದರೂ ತಪ್ಪಿಸಿಕೊಂಡಿತೇ ಎಂದು ವಿಚಾರಿಸಿದಳು. ಧನುಶ್ರೀ ಮುಜುಗರಪಟ್ಟುಕೊಂಡು, ಇಲ್ಲಿಯ ನಾಯಿಗೆ ಹೆದರಿ ಕೋಲು ತಂದೆ ಎಂದಳು. ಅದೇ, ಒಂದು ಕಿವಿ ಹರಿದ ಕರಿಯ ನಾಯಿ.

“ನಮ್ ಬೀದೀಲಿ ನಾಯಿಯಾ? ನಾನು ಸೊಸೆಯಾಗಿ ಬಂದು ಐವತ್ತೊರ್ಸ ಆಯ್ತು, ಒಬ್ರೂ ಸಾಕಿಲ್ಲ ಕಣವ್ವ,” ಎಂದಳು ಚನ್ನಾಜಮ್ಮ. “ಯಾರೇಳುದ್ರು ನಿಂಗೆ?”

“ನಮ್ಮಜ್ಜಿ. ಕೇರಿ ಮಂಚಮ್ಮ.”

ಚನ್ನಾಜಮ್ಮನ ಕೈ ನಿಂತಿತು. ಮಂಚಮ್ಮ ತನ್ನ ವಾರಗೆಯವಳೇ, ತಮ್ಮ ಗದ್ದೆಗೇ ನಾಟಿಗೆ ಬರುತ್ತಿದ್ದವಳು, ಅವಳು ಪದ ಹೇಳಿದರೆ ಇಡೀ ಬಯಲಿಗೆ ಕೇಳುತ್ತಿತ್ತು ಎಂದೆಲ್ಲ ನೆನೆಸಿಕೊಂಡಳು. ಆಗಿನ ಕಾಲ ಹಾಗಿತ್ತು ಎಂದು ಶುರುಮಾಡಿ, ಮುಂದೆ ಹೇಳದೆ, ಸುಲಿದ ಸಿಪ್ಪೆಗಳಲ್ಲೇ ಕಾಳು ಹುಡುಕಿದಳು. ಈಗ ಯಾರು ಬೇಡ ಅಂತಾರೆ, ಬರಲಿ ಎಂದು ಸೇರಿಸಿದಳು.

ಧನುಶ್ರೀಗೆ ಎಲ್ಲ ಒಟ್ಟಿಗೇ ತಿಳಿಯಿತು. ಕೇರಿಯವರು ಊರ ಬೀದಿಯಲ್ಲಿ ನಡೆಯುವಂತಿರಲಿಲ್ಲ ಎಂಬುದು ಅವಳು ಓದದ ಸಂಗತಿಯೇನಲ್ಲ. ಅದು ಬೇರೆ ಯಾವುದೋ ಊರಿನ ಮಾತು ಅಂದುಕೊಂಡಿದ್ದಳು. ಬರಬೇಡ ಎಂದವರು ಸತ್ತು ಎಷ್ಟೋ ವರ್ಷವಾಗಿದೆ, ಬಾ ಎಂದು ಹೇಳಲು ಯಾರೂ ಹೋಗಿಲ್ಲ, ಹದಿನೇಳು ಜನ ಸುತ್ತುತ್ತಲೇ ಇದ್ದಾರೆ. ತಾನು ಅರ್ಧ ಪುಟ ಹೊಗಳಿ ಬರೆದದ್ದು ಆ ದಾರಿಯನ್ನು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇಷ್ಟಾದರೂ ಆ ಹೊಂಗೆಯ ನೆರಳಿನ ಮೇಲಿನ ಪ್ರೀತಿ ಹೋಗಲಿಲ್ಲವಲ್ಲ ಎಂದು ಸಂಕಟವಾಯಿತು. ಕೋಲನ್ನು ಜಗಲಿಗೆ ಒರಗಿಸಿ ಹೊರಟುಬಂದಳು.

ಭಾನುವಾರ ಸಂಜೆ ಮಂಚಮ್ಮ ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಾಗ ಧನುಶ್ರೀ ಲ್ಯಾಪ್‌ಟಾಪ್ ತೆರೆದುಕೊಂಡು ಎದುರು ಕೂತಳು. ಹದಿನೇಳು ಗೆರೆಗಳನ್ನು ದೊಡ್ಡ ಬೀದಿಗೆ ಎಳೆದು ಕೂಡಿಸುವುದು ಹತ್ತು ನಿಮಿಷದ ಕೆಲಸ. ಸರ್ ಒಪ್ಪುತ್ತಿದ್ದರು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

“ಅಜ್ಜಿ, ಆ ಬೀದೀಲಿ ನಾಯಿ ಇರ್ಲೇ ಇಲ್ವಂತೆ.”

ಮಂಚಮ್ಮ ದಂಟು ಮುರಿಯುತ್ತಲೇ ಇದ್ದಳು. “ಇತ್ತು ಕಣವ್ವ,” ಎಂದಳು. “ಸತ್ತೋಗಿರ್ಬೇಕು.”

ಹಿತ್ತಲಿನ ನುಗ್ಗೆಮರದಿಂದ ಸಣ್ಣ ಎಲೆಗಳು ಉದುರುತ್ತಿದ್ದವು. ಮಂಚಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಐದೊರ್ಸದ ಕೂಸ್ಗೆ ಇನ್ನೇನೇಳನ? ನಾಯಿ ಅಂದ್ರೆ ನೀನು ಎದ್ರುಕೊತಿದ್ದೆ, ಅಷ್ಟೆಯ. ಇದ್ದದ್ ಏಳಿದ್ರೆ ನಾಚ್ಕೊತಿದ್ದೆ. ಎದ್ರಿಕೆ ಬೆಳೀತಾ ಬೆಳೀತಾ ಓಯ್ತದೆ. ನಾಚ್ಕೆ ಓಗದಿಲ್ಲ ಕಣವ್ವ.”

ಮರಗಳಿಗೆ ಹೆಸರಿಟ್ಟದ್ದೂ ಅದಕ್ಕೇನಾ ಎಂದು ಧನುಶ್ರೀ ಕೇಳಲಿಲ್ಲ. ಸುತ್ತಿನ ದಾರಿ ಕೂಸಿಗೆ ಸುತ್ತು ಅನಿಸದಿರಲೆಂದು ಆ ಮುದುಕಿ ಎಷ್ಟು ಕಥೆ ಕಟ್ಟಿರಬೇಕು ಎಂದು ನೆನೆದಳು. ಗೆರೆಗಳನ್ನು ಮುಟ್ಟಲಿಲ್ಲ. ‘ನೆರಳು’ ಎಂದಿದ್ದ ಕಡೆಯೆಲ್ಲ ಹಾಗೇ ಬಿಟ್ಟು, ಕೆಳಗೆ ನಾಲ್ಕು ಸಾಲು ಬರೆದಳು: ಕೇರಿಯ ಹಿರಿಯರು ದೊಡ್ಡ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಈಗ ಯಾರೂ ತಡೆಯುವುದಿಲ್ಲ, ಯಾರೂ ಕರೆದಿಲ್ಲ. ನೀರು ಹತ್ತಿರದ ದಾರಿಯನ್ನೇ ಹುಡುಕುತ್ತದೆ ಎಂದಿರಿ, ಸರ್. ನಮ್ಮೂರ ನಾಲೆಯಲ್ಲಿ ಅದು ಯಾರೋ ತೋಡಿಟ್ಟ ಕಡೆಗೇ ಹೋಗುತ್ತದೆ.

ಸೋಮವಾರ ಇಬ್ಬರೂ ಒಟ್ಟಿಗೇ ಹೊರಟರು. ಮಂಚಮ್ಮನಿಗೆ ನಂಜನಗೂಡಿನ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ, ಧನುಶ್ರೀಗೆ ನಕ್ಷೆ ಒಪ್ಪಿಸುವ ದಿನ. ಮಂಜು ಇನ್ನೂ ಬಯಲಿನ ಮೇಲೆ ಮಲಗಿತ್ತು. ಅರಳಿಕಟ್ಟೆಯ ಹತ್ತಿರ ಧನುಶ್ರೀ ರೂಢಿಯಂತೆ ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ ಹೋದಳು. ಹಿಂದೆ ಸಪ್ಪಳವಿರಲಿಲ್ಲ. ಅಜ್ಜಿ ದೊಡ್ಡ ಬೀದಿಯ ಬಾಯಲ್ಲಿ ನಿಂತಿದ್ದಳು.

“ಮಂಡಿ ನೋಯ್ತದೆ,” ಎಂದಳು ಮಂಚಮ್ಮ. “ಇಂಗೇ ಓಗುವ.”

ಹಿಂದೆ ಯಾವತ್ತಾದರೂ ಕೆಲಸಕ್ಕೆ ಕರೆಸಿಕೊಂಡರೆ ಕೇರಿಯವರು ಇಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಮಂಚಮ್ಮ ಬಗ್ಗಿದಳು, ಕೈ ಚಪ್ಪಲಿಯ ತನಕ ಹೋಯಿತು. ಅಲ್ಲಿಂದ ಮಂಡಿಗೆ ಬಂದು, ಮಂಡಿಯನ್ನು ಒಂದೆರಡು ಸಲ ನೀವಿಕೊಂಡಿತು. ಆಮೇಲೆ ಮೊಮ್ಮಗಳ ಕೈಯನ್ನು ಭದ್ರವಾಗಿ ಹಿಡಿದುಕೊಂಡು ಕಾಲು ಮುಂದಿಟ್ಟಳು. ಬೀದಿಯುದ್ದಕ್ಕೂ ಬಾಗಿಲಿಗೆ ನೀರು ಹಾಕುವ ಹೊತ್ತು. ಚನ್ನಾಜಮ್ಮ ಪೊರಕೆ ಹಿಡಿದು ಅಂಗಳದಲ್ಲಿದ್ದವಳು ನೋಡಿ ನೆಟ್ಟಗೆ ನಿಂತಳು. ಆಸ್ಪತ್ರೆಗಾ ಮಂಚಮ್ಮ ಎಂದು ಕೇಳಿದಳು. ಊ ಕಣ್ರವ್ವ ಎಂದಳು ಮಂಚಮ್ಮ. ಅಷ್ಟೇ ಮಾತು. ಚಪ್ಪಲಿಯ ಸದ್ದು ಸಿಮೆಂಟಿನ ಮೇಲೆ ಒಂದೇ ಸಮನೆ ಮುಂದಕ್ಕೆ ಹೋಯಿತು.

ಬಸ್ ಸ್ಟಾಪಿನ ಕಲ್ಲುಬೆಂಚು ಮುಟ್ಟಿದಾಗ ಮಂಚಮ್ಮ ಬಂದ ದಾರಿಯನ್ನು ತಿರುಗಿ ನೋಡಿದಳು. ಆ ತುದಿಯಲ್ಲಿ ಅರಳಿಮರ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ.

“ಇಷ್ಟೇಯಾ?” ಎಂದಳು.

ಧನುಶ್ರೀ ಹೌದೆಂದು ತಲೆಯಾಡಿಸಿದಳು.

ಏರಿಯ ಲೆಕ್ಕದಲ್ಲೇ ಮನೆ ಬಿಟ್ಟದ್ದರಿಂದ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆ ಹೊತ್ತನ್ನು ಏನು ಮಾಡಬೇಕೆಂದು ತಿಳಿಯದೆ ಮಂಚಮ್ಮ ಎಲೆಅಡಿಕೆಯ ಚೀಲ ಬಿಚ್ಚಿ, ಹಾಗೇ ಮತ್ತೆ ಕಟ್ಟಿದಳು. ಕಾಲು ಚಾಚಿ ಕೂತಳು. ನಾಲೆಯ ಕಡೆ ಮಂಜು ಸಣ್ಣಗೆ ಏಳುತ್ತಿತ್ತು, ಹೊಂಗೆಗಳ ಕೆಳಗೆ ಯಾರೂ ಇರಲಿಲ್ಲ. ಕೂಸೊಂದರ ಕೈ ಹಿಡಿದುಕೊಂಡು ಯಾರೋ ಇನ್ನೂ ಆ ಕಡೆಯಿಂದ ಬರಬೇಕಾಗಿದೆ ಎಂಬಂತೆ, ಅವಳು ಬಸ್ಸು ಬರುವ ತನಕ ಏರಿಯನ್ನೇ ನೋಡುತ್ತಿದ್ದಳು.