ಅವನ ಮನೆಯ ಅಕ್ಕಿ

ಗಂಗಾಲಕ್ಷ್ಮಿ ಅಡುಗೆಮನೆಯ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದು, ಒಳಗೆ ಕೈ ಹಾಕಿ ನೋಡಿ, ನೆಲಕ್ಕೆ ಇಡುತ್ತಿದ್ದಳು. ಹುರುಳಿ. ಅಲಸಂದೆ. ಕಡಲೆಬೀಜ. ಒಂದರಲ್ಲಿ ಒಣಗಿಸಿದ ನುಗ್ಗೆಸೊಪ್ಪು. ರಾಗಿಹಿಟ್ಟು ಅರ್ಧ ಡಬ್ಬ ಇತ್ತು. ಹೊರಗೆ ಅಂಗಳದಲ್ಲಿ ಅವಳ ತಮ್ಮ ಅಂಜಿನಮೂರ್ತಿಗೆ ನೀರು ಹಾಕಿ, ಬಿಳಿ ಅಂಗಿ ತೊಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು.

“ಅಕ್ಕಿ ಎಲ್ಲಮ್ಮಾ ಇಟ್ಟಿದ್ದೀಯ?”

ಅವನ ಹೆಂಡತಿ ಸ್ನೇಹಲತಾ ಒಲೆಯ ಕಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದಳು. ಯಾರೋ ಮುಡಿಸಿದ್ದ ಹೂವು ಭಾರವಾಗಿ ಜಾರುತ್ತಿತ್ತು. “ಮನೇಲಿ ಅಕ್ಕಿ ಇಲ್ಲ ಅತ್ತಿಗೆ.”

“ಇಲ್ಲ ಅಂದ್ರೆ?”

“ಆರು ತಿಂಗಳಿಂದ ಇಡ್ತಿಲ್ಲ.”

ಗಂಗಾಲಕ್ಷ್ಮಿ ಕೈಯಲ್ಲಿದ್ದ ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟಳು. “ಸತ್ತೋನ ಬಾಯಿಗೆ ಆಕಕ್ಕೂ ಒಂದಿಡಿ ಇಲ್ವಾ? ನನ್ ತಮ್ಮನ ಮನೇಲಿ?”

ನಿನ್ನೆ ಬೆಳಿಗ್ಗೆಯಿಂದ ಸ್ನೇಹಲತಾಳ ತಲೆಯಲ್ಲಿದ್ದುದು ಒಂದೇ ಮಾತು. ಮಿಡಿಗೇಶಿ ಬಸ್ ಸ್ಟ್ಯಾಂಡಿನಲ್ಲಿ, ಮಧುಗಿರಿಗೆ ಹೊರಡುವ ಏಳು ಗಂಟೆ ಗಾಡಿಯ ಡ್ರೈವರ್ ಸೀಟಿನಲ್ಲಿ, ಅವನು ಸ್ಟೇರಿಂಗ್ ಮೇಲೆ ತಲೆ ಇಟ್ಟಾಗ ಹಾರನ್ ಬಿಡದೆ ಕೂಗಿತಂತೆ. ಜನ ಹತ್ತಲಿ ಎಂದು ಹೊಡೆಯುತ್ತಿದ್ದಾನೆ ಎಂದುಕೊಂಡು ಕಂಡಕ್ಟರ್ ಟೀ ಮುಗಿಸಿಯೇ ಬಂದನಂತೆ. ಹೃದಯ ನಿಂತಿದೆ ಎಂದರು ಡಾಕ್ಟರು. ಅವಳು ಅವರನ್ನು ಕೇಳಲು ಆಗದೆ ಉಳಿದ ಪ್ರಶ್ನೆ ಬೇರೆ ಇತ್ತು: ಆ ಹೊತ್ತಿನಲ್ಲಿ ಅವನಿಗೆ ಹಸಿವಾಗಿತ್ತೇ?

*

ಎರಡು ಮುದ್ದೆ, ಮೇಲೆ ಒಂದು ತಟ್ಟೆ ಅನ್ನ. ಮದುವೆಯಾದಾಗ ಅವನ ಊಟ ಅದು. ಉಂಡು ಎದ್ದಮೇಲೂ ಪಾತ್ರೆಯಲ್ಲಿ ಏನು ಉಳಿದಿದೆ ಎಂದು ಒಮ್ಮೆ ಇಣುಕುತ್ತಿದ್ದ.

ಲೈಸೆನ್ಸ್ ನವೀಕರಿಸಲು ಹೋದಾಗ ಸಕ್ಕರೆ ಕಾಯಿಲೆ ಸಿಕ್ಕಿತು. ಮುನ್ನೂರ ಹನ್ನೆರಡು. ಕಣ್ಣು ಮಂಜಾದರೆ ಸ್ಟೇರಿಂಗ್ ಬಿಡಬೇಕಾಗುತ್ತದೆ ಎಂದರು. ಅಂದು ರಾತ್ರಿ ಮಲಗುವ ಮೊದಲು, “ನೀನು ಓದಿದೋಳು. ಏನ್ ಮಾಡ್ಬೇಕೋ ಮಾಡು, ನಾನು ತಿಂತೀನಿ,” ಎಂದ.

ಅವಳು ಮಾಡಿದಳು. ಎರಡು ಮುದ್ದೆ ಒಂದಾಯಿತು, ಆಮೇಲೆ ಅರ್ಧ. ಅರ್ಧ ಮುದ್ದೆ ತಟ್ಟೆಯಲ್ಲಿ ಅನಾಥವಾಗಿ ಕಾಣುತ್ತದೆಂದು ಬೇಯಿಸಿದ ನುಗ್ಗೆಸೊಪ್ಪು ಸೇರಿಸಿ ತೊಳಸಿ, ನೋಡಲು ಒಂದರಷ್ಟೇ ಆಗುವಂತೆ ಕಟ್ಟಿದಳು. ಬಸ್ಸಾರಿನಲ್ಲಿ ನೀರಿಗಿಂತ ಕಾಳು ಹೆಚ್ಚಾಯಿತು. ಅನ್ನದ ಜಾಗಕ್ಕೆ ಎಲೆಕೋಸಿನ ಪಲ್ಯ, ಎರಡು ಮೊಟ್ಟೆ. ಯುಗಾದಿಗೆ ಒಬ್ಬಟ್ಟಿನ ಸಾರು ಮಾತ್ರ ಮಾಡಿ ಒಬ್ಬಟ್ಟು ಮಾಡಲಿಲ್ಲ. ಅವನು ಅದನ್ನು ಕುಡಿದು, “ಗಂಡಿಲ್ದೆ ಮದ್ವೆ ಮಾಡಿದಂಗಾಯ್ತು,” ಎಂದು ನಕ್ಕ.

ಅತ್ತೆ ಜುಂಜಮ್ಮ ಮಾತ್ರ ಸೊಪ್ಪಿನ ಮುದ್ದೆಯನ್ನು ಒಂದು ತುತ್ತು ಮುರಿದು, ನುಂಗಿ, ತಟ್ಟೆ ಸರಿಸಿದರು.

“ಇದು ಬರದ ಇಟ್ಟು ಕಣವ್ವಾ. ರಾಗಿ ಸಾಲ್ದೆ ಇದ್ದಾಗ ನಮ್ಮವ್ವ ಅಣ್ಣೆಸೊಪ್ಪು ಆಕಿ ಇಂಗೇ ತೊಳಸೋಳು. ನಿನ್ ಮನ್ಯಾಗೆ ಯಾವ ಬರ ಬಂದೈತೆ?”

“ಬರ ಅಲ್ಲ ಅತ್ತೆ. ಅವರಿಗೆ ಕಾಯಿಲೆ.”

“ಕಾಯ್ಲೆ ಆದೋರ್ಗೆ ಅನ್ನ ಇಕ್ತಾರೆ. ಹಬ್ಬಕ್ಕೊಂದು, ಜ್ವರಕ್ಕೊಂದು, ಆಗ ಮಾತ್ರ ಅಕ್ಕಿ ತೆಗೀತಿದ್ದಿದ್ದು. ಇವ್ನಿಗೆ ಕಾಯ್ಲೆ ಅಂತ ನೀನೇ ಅಂತೀಯ, ಅನ್ನಾನೂ ನೀನೇ ನಿಲ್ಲಿಸ್ತೀಯ.”

ಸ್ನೇಹಲತಾ ಬೋರ್ಡಿನ ಮೇಲೆ ಬರೆದು ಹೇಳುವವಳ ಹಾಗೆ ಎಲ್ಲ ವಿವರಿಸಿದಳು. ಅನ್ನ ಹೊಟ್ಟೆಯೊಳಗೆ ಹೋಗಿ ಸಕ್ಕರೆಯೇ ಆಗುತ್ತದೆ ಎಂದಳು. ಜುಂಜಮ್ಮ ತಾಳ್ಮೆಯಿಂದ ಕೇಳಿ, “ನಾವು ಉಂಡಾಗ ಅನ್ನವೇ ಆಗಿತ್ತು,” ಎಂದರು. ಸೊಸೈಟಿಯ ಅಕ್ಕಿ ತರುವುದು ಬೇಡ ಎಂದಾಗ ಮಾತ್ರ ವಾದ ಮಾಡಲಿಲ್ಲ. ಹೆಬ್ಬೆಟ್ಟು ಒತ್ತಿ ತಂದು ಕೋಳಿಗೆ ಹಾಕುತ್ತೇನೆ, ಒಳಗೆ ತರುವುದಿಲ್ಲ ಎಂದರು.

ಮೂರು ತಿಂಗಳಾದಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಸ್ನೇಹಲತಾ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯದೆ ಅರ್ಧ ಮುದ್ದೆಯನ್ನು ಕಾಲು ಮಾಡಿದಳು. ಅವನು ಅದನ್ನೂ ಉಂಡ.

*

ಅಂಗಳದ ಹೊಂಗೆಮರದ ಕೆಳಗೆ ಗಂಡಸರು ಕೂತಿದ್ದರು. ಕಂಡಕ್ಟರ್ ಚಿಕ್ಕರಾಜು ರಾತ್ರಿಯಿಂದ ಮನೆಗೆ ಹೋಗಿರಲಿಲ್ಲ.

“ನಮ್ಮಣ್ಣನ ಡಬ್ಬಿ ಮುಚ್ಳ ತೆಗುದ್ರೆ ಮೇಕೆ ಮರಿಗೆ ಮೇವು ತಂದಂಗಿರೋದು,” ಎಂದ. “ನಾನು ಆಡ್ಕಂತಿದ್ದೆ. ‘ಲೇ ಚಿಕ್ಕ, ನಿನ್ ಡಬ್ಬಿ ಕೊಡ್ಲಾ ಇಲ್ಲಿ’ ಅನ್ನೋನು. ಅನ್ನದ ವಾಸ್ನೆ ನೋಡೋನು, ವಾಪಸ್ ಕೊಡೋನು. ಒಂದಗುಳು ಮುಟ್ತಿರ್ಲಿಲ್ಲ. ಮಾತು ಕೊಟ್ಟಿದೀನಿ ಕಣ್ಲಾ ಅನ್ನೋನು.”

“ಯಾರ್ಗೆ?”

“ಇನ್ಯಾರ್ಗೆ, ನಮ್ಮತ್ಗೇಗೆ.”

“ಮಾತು ಉಳಿಸ್ಕಂಡ, ಜೀವ ಉಳಿಸ್ಕಣ್ಲಿಲ್ಲ,” ಎಂದರು ಪಕ್ಕದವರು.

ದೊಡ್ಡಪ್ಪ ಮೂಡಲಗಿರಿಯಪ್ಪ ಕೋಲೂರಿ ಎದ್ದರು. “ಹೊತ್ತಾತು. ಅಕ್ಕಿ ತಕ್ಕಂಬರ್ರಮ್ಮ.”

ಬಾಗಿಲಲ್ಲಿ ನಿಂತ ಗಂಗಾಲಕ್ಷ್ಮಿ ಎಲ್ಲರಿಗೂ ಕೇಳುವಂತೆಯೇ ಹೇಳಿದಳು. “ಅಕ್ಕಿ ಇಲ್ವಂತೆ ದೊಡ್ಡಪ್ಪ. ಈ ಮನ್ಯಾಗೆ ಅಕ್ಕಿ ಇಡಾದಿಲ್ವಂತೆ.”

“ಬೇಕಾದ್ರೆ ನಮ್ಮನೇದು ತರ್ತೀನಿ,” ಎಂದಳು ಎದುರುಮನೆ ಕಮಲಾಕ್ಷಮ್ಮ.

“ಬ್ಯಾಡ ಕಣಮ್ಮ. ಇಪ್ಪತ್ತು ವರ್ಷ ಗಾಡಿ ಓಡ್ಸಿ ದುಡ್ದವ್ನೆ. ಕೊನೇ ಅಕ್ಕಿ ಎರವಲು ತಂದು ಆಕಾದಾ? ಅವನ ಮನೇದೇ ಆಗ್ಬೇಕು.”

“ಎಲ್ಲಿಂದ ತರಾನ ದೊಡ್ಡಪ್ಪ, ಒಳಗೆ ದನದ ಮೇವಿದೆ,” ಎಂದಳು ಗಂಗಾಲಕ್ಷ್ಮಿ. “ಬೆಳಗಾನ ಎದ್ದು ಬರೀ ಒಟ್ಟೇಲಿ ಗಾಡಿ ಹತ್ತಿದ್ರೆ ಎದೆ ನಿಲ್ದೆ ಇನ್ನೇನಾಗ್ತದೆ. ಅರೆಒಟ್ಟೆ ಇಕ್ಕಿ ಇಕ್ಕಿ ಕಳಿಸ್ಬುಟ್ಲು ನನ್ ತಮ್ಮನ್ನ.”

ಸ್ನೇಹಲತಾ ತಲೆ ಎತ್ತಿ ಅವನ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ಅದು ಸಾವಿನಿಂದಲೋ ತನ್ನಿಂದಲೋ ಅವಳಿಗೆ ಗೊತ್ತಾಗಲಿಲ್ಲ.

ಮಗನ ಪಾದದ ಹತ್ತಿರ ಕೂತಿದ್ದ ಜುಂಜಮ್ಮ ಎದ್ದರು. ಯಾರೋ ಹಿಡಿಯಲು ಹೋದರೆ ಕೈ ಕೊಡವಿಕೊಂಡರು. ಮನೆಯ ಹಿಂಭಾಗಕ್ಕೆ, ನೀರು ಕಾಯಿಸುವ ಬಚ್ಚಲಿನ ಕಡೆ ಹೋಗಿ, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದು, ಮೂಡಲಗಿರಿಯಪ್ಪನ ಮುಂದೆ ಇಟ್ಟರು.

ಸಣ್ಣ ಬೋಸಿ. ಅದರಲ್ಲಿ ಅಕ್ಕಿ, ಒಬ್ಬರಿಗೆ ಬೇಯಿಸುವಷ್ಟು. ಕಲ್ಲು, ನೆಲ್ಲು ಒಂದೂ ಇಲ್ಲದಂತೆ ಆರಿಸಿದ್ದು.

*

ಅವನ ಸ್ನಾನ ತಡವಾಗುತ್ತಿತ್ತು. ಐದಕ್ಕೆ ಏಳುವವನು ಬಚ್ಚಲಿಗೆ ಹೋದರೆ ಮುಕ್ಕಾಲು ಗಂಟೆ. ಹಂಡೆಯ ಒಲೆ ಉರಿಸುವುದು ಜುಂಜಮ್ಮನ ಕೆಲಸ. ಸ್ನೇಹಲತಾ ಒಳಗೆ ಗ್ಯಾಸಿನ ಮುಂದೆ ನಿಂತು ಡಬ್ಬಿಗೆ ಸೊಪ್ಪು ಬೇಯಿಸುವಾಗ ಹಿಂದಿನಿಂದ ಅಮ್ಮ ಮಗ ಮಾತಾಡುವುದು ಕೇಳುತ್ತಿತ್ತು.

“ದಿನಾ ಏನ್ ಅಷ್ಟು ಮಾತು?” ಎಂದು ಒಮ್ಮೆ ಕೇಳಿದ್ದಳು.

“ಅವ್ವನ ಕೆಲ್ಸ ಗೊತ್ತಲ್ಲ. ಬೇಡ ಅಂದ್ರೂ ಬೆನ್ನು ಉಜ್ತಾಳೆ. ನಲವತ್ಮೂರು ವರ್ಷದ ಮಗೂಗೆ,” ಎಂದು ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ತಲೆ ಒರೆಸಿಕೊಂಡಿದ್ದ. ಅವರಿಗೆ ಮಕ್ಕಳಿರಲಿಲ್ಲ. ಆ ಮಾತು ಅವಳಿಗೆ ಆ ಕಾರಣಕ್ಕೆ ಚುಚ್ಚಿತು. ಬೇರೆ ಏನೂ ಹೊಳೆಯಲಿಲ್ಲ.

*

ಬೋಸಿಯ ತಳ ಕಪ್ಪಾಗಿತ್ತು. ಹಳೆಯ ಮಸಿಯಲ್ಲ, ಮುಟ್ಟಿದರೆ ಕೈಗೆ ಹತ್ತುವ ಸೌದೆಯ ಮಸಿ. ಜುಂಜಮ್ಮನ ಸೆರಗಿಗೂ ಹತ್ತಿತ್ತು. ಸ್ನೇಹಲತಾ ಅದನ್ನು ನೋಡಿದಳು. ಕೋಳಿಗೆ ಅಕ್ಕಿ ಬೇಯಿಸಿ ಹಾಕುವುದಿಲ್ಲ.

ಅವನು ಹಸಿದಿರಲಿಲ್ಲ.

ಅದು ಮೊದಲು ಬಂತು. ಉಸಿರು ಪೂರ್ತಿ ಒಳಗೆ ಹೋಯಿತು, ನಿನ್ನೆಯಿಂದ ಮೊದಲ ಸಲ. ಆಮೇಲೆ ಉಳಿದದ್ದೆಲ್ಲ ಬಂತು. ಏರಿದ ಸಕ್ಕರೆ, ಹೆಚ್ಚಿದ ಮಾತ್ರೆ, ತಾನು ಕಡಿಮೆ ಮಾಡಿದಷ್ಟನ್ನೂ ಹಿಂದಿನ ಒಲೆಯಲ್ಲಿ ತುಂಬಿಕೊಟ್ಟ ಕೈ. ಇಬ್ಬರಿಗೂ ಬೇಡ ಎನ್ನಲಾರದೆ ಎರಡೂ ಕಡೆ ಉಂಡವನು ಗೋಡೆಗೆ ಒರಗಿ ಕೂತಿದ್ದ.

ಗಂಗಾಲಕ್ಷ್ಮಿ ಬೋಸಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. “ಇದೆಲ್ಲಿತ್ತವ್ವಾ?”

ಜುಂಜಮ್ಮ ಸೊಸೆಯ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ. ಹೇಳುವುದಿದ್ದರೆ ಈಗಲೇ ಹೇಳಿಬಿಡು ಎನ್ನುವಂತೆ ಕಾಯುತ್ತಿದ್ದರು. ಒಂದು ಮಾತು ಸಾಕಿತ್ತು. ಅಂಗಳದ ಅಷ್ಟೂ ಜನ ಒಟ್ಟಿಗೆ ಮುದುಕಿಯ ಕಡೆ ತಿರುಗುತ್ತಿದ್ದರು.

“ನಾನೇ ಇಟ್ಟಿದ್ದೆ,” ಎಂದಳು ಸ್ನೇಹಲತಾ. “ಹಬ್ಬಕ್ಕೆ ಅಂತ. ಮರೆತಿದ್ದೆ.”

“ಮರ್ತಿದ್ಲಂತೆ,” ಎಂದಳು ಗಂಗಾಲಕ್ಷ್ಮಿ. “ಉಣ್ಣೋನ್ಗೆ ಇಕ್ಕೋದೇ ಮರ್ತಿದ್ಲು.”

“ಸುಮ್ಕಿರಮ್ಮ ಗಂಗಾ,” ಎಂದರು ಮೂಡಲಗಿರಿಯಪ್ಪ. “ಅಕ್ಕಿ ಸಿಕ್ತಲ್ಲ.”

ಅವರು ಬಗ್ಗಿ ಅಂಜಿನಮೂರ್ತಿಯ ಬಾಯಿಗೆ ನಾಲ್ಕು ಕಾಳು ಹಾಕಿದರು. ಆಮೇಲೆ ಗಂಗಾಲಕ್ಷ್ಮಿ, ಅವಳ ಗಂಡ, ಹಟ್ಟಿಯ ಹಿರಿಯರು. ಚಿಕ್ಕರಾಜು ಕೈ ಮುಂದೆ ತಂದು, “ತಿನ್ನಣ್ಣ, ಈಗ ಯಾರೂ ಬೈಯಲ್ಲ,” ಎಂದು ಅಲ್ಲೇ ಕುಸಿದ. ಸ್ನೇಹಲತಾಳ ಸರದಿ ಬಂದಾಗ ಅವಳು ಎರಡೇ ಬೆರಳಲ್ಲಿ ತೆಗೆದುಕೊಂಡಳು. ಬೆರಳಿಗೆ ಅಳತೆ ಅಭ್ಯಾಸವಾಗಿತ್ತು. ಮತ್ತೆ ಬೋಸಿಗೆ ಕೈ ಹಾಕಿ, ಒಂದು ಹಿಡಿ ತೆಗೆದು ಹಾಕಿದಳು.

ಕೊನೆಗೆ ಜುಂಜಮ್ಮ. ಅವರು ಅಕ್ಕಿ ತೆಗೆದುಕೊಳ್ಳಲಿಲ್ಲ.

“ಆಕವ್ವಾ,” ಎಂದರು ಮೂಡಲಗಿರಿಯಪ್ಪ.

“ನಂದಾಗೈತೆ ಕಣಪ್ಪ.”

“ಇನ್ನೂ ಆಕಿಲ್ವಲ್ಲವ್ವಾ.”

“ಆಗೈತೆ ಅಂದೆ.”

ದುಃಖದಲ್ಲಿ ಏನೋ ಹೇಳುತ್ತಾರೆ ಎಂದು ಜನ ಸುಮ್ಮನಾದರು. ಹೊರುವವರು ಚಟ್ಟದ ಬಿದಿರಿಗೆ ಕೈ ಹಾಕಿದರು. ತಮಟೆಯವನು ತಮಟೆ ಕಾಯಿಸಿಕೊಂಡು ಬಂದು ನಿಂತ.

ಜುಂಜಮ್ಮ ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಾಯಿ ತುಂಬಿ ಅಕ್ಕಿ ಹೊರಗೆ ಚೆಲ್ಲಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮೊದಲು ಮೀಸೆಯ ಬಲಕ್ಕೆ ಒರೆಸಿದರು, ಆಮೇಲೆ ಎಡಕ್ಕೆ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಅಂಗಿಯ ಕಾಲರಿನೊಳಗೆ ಬೆರಳಾಡಿಸಿ, ಸಿಕ್ಕಿಕೊಂಡಿದ್ದ ಕಾಳು ತೆಗೆದರು. ಎದೆಯ ಮೇಲೆ, ತೊಡೆಯ ಮೇಲೆ ಬಿದ್ದದ್ದನ್ನು ಕೊಡವಿದರು. ಯಾವ ಅವಸರವೂ ಇಲ್ಲದೆ, ದಿನವೂ ಮಾಡಿ ಪಳಗಿದ ಕೈಯಲ್ಲಿ, ಒಳಗಿನಿಂದ ಬರುವವರ ಕಣ್ಣಿಗೆ ಒಂದೇ ಒಂದು ಕಾಳೂ ಬೀಳದ ಹಾಗೆ.